ಜೂನ್ ಒಂದರಂದು ಹುಟ್ಟಿದವರು

ಮನಾಮಾದ ಐದನೆಯ ಮಹಡಿ, ಎ.ಸಿ. ಕೆಟ್ಟು ನಿಂತಿತ್ತು.
ಡಾಕ್ಟರ್ ಹನಾನ್ ನನ್ನ ಮೇಜಿಗೆ ಯುರೋಪನ್ನು ತಂದಿಟ್ಟರು:
ಒಂಬತ್ತು ಹಾಳೆ, ಒಂದು ಪಿನ್ನು.
"ದೇಶ ಅಡ್ಡಕ್ಕೆ, ವಯಸ್ಸು ಉದ್ದಕ್ಕೆ,
ಹತ್ತು ವರ್ಷಕ್ಕೊಂದು ಸಾಲು.
ಸಂಜೆಯೊಳಗೆ ಬೇಕು, ಫ್ಲೇವಿ."

ಕುಟ್ಟುತ್ತ ಹೋದೆ.
ಇಟಲಿ, ಎಂಬತ್ತರ ಕಡೆಗೆ ವಾಲಿದ ಗೋಡೆ.
ಸ್ಪೇನು ಅದಕ್ಕೆ ಒರಗಿಕೊಂಡಿದೆ.
ಜರ್ಮನಿಯಲ್ಲಿ ನಡುವಯಸ್ಸಿನವರೇ ಹೆಚ್ಚು,
ಹಿಮದ ಮೇಲೆ ಜಾರಿ ಆಡಲು ಹೋಗಿ ಬಂದವರಂತೆ.
ಸ್ವೀಡನ್ನಿನ ತೊಂಬತ್ತರ ಸಾಲಿಗೆ ಬರುವಷ್ಟರಲ್ಲಿ
ಚಹಾ ಆರಿತ್ತು.
ಮಕ್ಕಳು ಮಾತ್ರ ಎಲ್ಲೆಲ್ಲೂ ಬೆರಳೆಣಿಕೆ.
"ರೋಗ ಬಂದಿಲ್ಲವೋ, ಯಾರೂ ನೋಡಿಲ್ಲವೋ?"
ಹನಾನ್ ಕನ್ನಡಕ ಒರೆಸಿದರು.
"ಆಸ್ಪತ್ರೆಯ ಬಾಗಿಲಿಗೆ ಬಂದ ಮೂಗಿಗಷ್ಟೇ ಕಡ್ಡಿ ಹಾಕಿದರೆ
ರೋಗಕ್ಕೂ ನರೆ ಬರುತ್ತದೆ."

ಕೊನೆಯ ಕಾಲಂ ಖಾಲಿ. ಅದು ನಾವು.

ಸಿತ್ರಾ ಕ್ಯಾಂಪಿನಿಂದ ಬಂದ ರಟ್ಟಿನ ಡಬ್ಬ,
ಮುನ್ನೂರ ಹನ್ನೆರಡು ಫಾರಂ.
ಇಪ್ಪತ್ತರಿಂದ ಐವತ್ತು, ಅಷ್ಟೇ.
ಅಜ್ಜಿಯಿಲ್ಲ, ತೊಟ್ಟಿಲಿಲ್ಲ,
ಮುಪ್ಪು ಬರುವ ಮುಂಚೆ ವೀಸಾ ಮುಗಿಯುವ ಊರು.
ಪಟ ಬರೆದರೆ
ತಳವಿಲ್ಲದ, ಕಂಠವಿಲ್ಲದ ಕೊಡ:
ಬರೀ ಹೊಟ್ಟೆ.

ಹುಟ್ಟಿದ ದಿನ ಜೂನ್ ಒಂದು. ಜೂನ್ ಒಂದು.
ಜನವರಿ ಒಂದು. ಮತ್ತೆ ಜೂನ್ ಒಂದು.
ಎಂಥ ಸುಗ್ಗಿಯಪ್ಪ!
ಯಾದಗಿರಿ, ನಿಜಾಮಾಬಾದು, ಸಿಲ್ಹಟ್ಟು,
ಎಲ್ಲ ಊರಿನ ಸೂಲಗಿತ್ತಿಯರೂ
ಹೆಡ್ಮಾಸ್ತರರನ್ನು ಕೇಳಿಕೊಂಡೇ ಹೆರಿಗೆ ಮಾಡಿಸಿದ್ದರು.

ಮಂಗಳವಾರ ಟೆಂಟಿನಲ್ಲಿ ಹೆಸರು ಬರೆಯಲು ನನ್ನನ್ನೇ ಕೂರಿಸಿದ್ದರು.
ಕೈಗವಸಿನೊಳಗೆ ಬೆರಳು ಬೇಯುತ್ತಿತ್ತು.
ಸಾಬಣ್ಣ, ತಂದೆ ಭೀಮಶಪ್ಪ, ಪೈಪ್ ಫಿಟ್ಟರ್.
ಪಾಸ್‌ಪೋರ್ಟಿನಲ್ಲಿ ನಲವತ್ತೊಂಬತ್ತು.
ಉಸಿರು ಮಾತ್ರ ಮೆಟ್ಟಿಲಿಗೊಮ್ಮೆ ನಿಂತು ನಿಂತು ಹತ್ತುತ್ತಿತ್ತು.
ಮಾಸ್ಕಿನೊಳಗಿನ ನನ್ನ ಕನ್ನಡ ಕೇಳಿ
"ಅಕ್ಕಾರ, ನಮ್ಮವ್ರೇನ್ರಿ?" ಎಂದ.
ಆಮೇಲೆ ದನಿ ತಗ್ಗಿಸಿ,
"ಆ ಉಮರು ಏಜೆಂಟಂದ್ರಿ, ನಂದಲ್ಲ.
ಹೊಳಿ ಊರಾಗ ನುಗ್ಗಿದ ವರ್ಷ ನನಗ ಮೀಸಿ ಮೂಡಿತ್ತು,
ಅಲ್ಲಿಂದ ನೀವ ಎಣಿಸ್ಕೋರಿ.
ಬರೀಬ್ಯಾಡ್ರಿ ಮತ್ತ. ಇನ್ನೊಂದು ರಿನ್ಯೂವಲ್ ಐತಿ."

ಯಾವ ಹೊಳೆ, ಯಾವ ವರ್ಷ,
ಕಡಲ ಕರೆಯವಳು ನನಗೇನು ಗೊತ್ತು?
ಕುತ್ತಿಗೆಯ ಚರ್ಮ ನೋಡಿ ಎಣಿಸಿದೆ.
ಅರವತ್ತು ದಾಟಿತ್ತು.

ಐವತ್ತು ಮೀರಿದವರಿಗೆ ಆಸ್ಪತ್ರೆ.
ಐವತ್ತರೊಳಗಿನವರಿಗೆ ಶೆಡ್ಡು, ಎರಡು ಮಾತ್ರೆ,
ಎರಡಂತಸ್ತಿನ ಮಂಚ.
ಅವನಿಗೆ ಸಿಕ್ಕಿದ್ದು ಮೇಲಿನದು.

ನಿಜ ಬರೆದರೆ ಆಕ್ಸಿಜನ್ನು, ಜತೆಗೆ ಊರಿನ ಟಿಕೆಟ್ಟು.
ಬರೆಯದಿದ್ದರೆ
ಏಣಿಯ ಆರು ಮೆಟ್ಟಿಲು.
ರಾತ್ರಿ ಶೈನಿ ಸಿಸ್ಟರಿಗೆ ಫೋನು ಮಾಡಿದೆ.
"ಆ ಫಿಟ್ಟರಿಗೆ ಕೆಳಗಿನ ಮಂಚ ಕೊಡಿ."
"ಯಾಕೆ?"
"ಮಂಡಿನೋವು," ಎಂದೆ.
"ಗಂಟೆಗೊಮ್ಮೆ ಬೆರಳಿಗೆ ಆ ಕ್ಲಿಪ್ಪು ಹಾಕಿ ನೋಡಿ."
"ಮಂಡಿನೋವಿಗಾ?"
ಅವಳು ಮುಂದೆ ಕೇಳಲಿಲ್ಲ.

ಸಂಜೆ ಹನಾನ್ ಕೂಡಿಸಿ ನೋಡಿದರು.
"ಒಂದು ಕಡಿಮೆ ಬರುತ್ತಿದೆಯಲ್ಲ?"
"ಕೆಳಗಿದೆ ಮೇಡಂ. ವಯಸ್ಸು ತಿಳಿಯದು."
"ಪಾಸ್‌ಪೋರ್ಟ್ ಇರಲಿಲ್ಲವೇ?"

ಇತ್ತು.

ಇಟಲಿಯ ಹಾಳೆಯಲ್ಲೂ ಆ ಸಾಲಿತ್ತು, ಹದಿನೇಳು ಮಂದಿ.
ಬೆಳಿಗ್ಗೆ ಕಣ್ಣೆತ್ತದೆ ಕುಟ್ಟಿ ಮುಂದೆ ಹೋಗಿದ್ದೆ.
ಈಗ ಕರ್ಸರ್ ಅವರ ಪಕ್ಕದಲ್ಲಿ
ಮಿನುಗುತ್ತ ನಿಂತಿದೆ.
ಎ.ಸಿ. ಒಮ್ಮೆ ಕೆಮ್ಮಿ ಶುರುವಾಯಿತು.
ಹಾಳೆಗಳು ಹಾರದಂತೆ
ಅಂಗೈ ಊರಿ ಕೂತೆ,
ಶೈನಿಯ ಫೋನು ಬರುವವರೆಗೆ.